ಕೆನ್ನೆಯ ಬಂಗು, ಕುತ್ತಿಗೆಯ ಕಪ್ಪು: ಖಡಕ್ ರೊಟ್ಟಿ ಮಾಡುವ ಮಹಿಳೆಯೊಬ್ಬರ ಪ್ರಕರಣ

ವಯಸ್ಸು 38. ಊರು ವಿಜಯಪುರ ಜಿಲ್ಲೆಯ ತಿಕೋಟಾ ಕಡೆ. ಕಸುಬು ಖಡಕ್ ರೊಟ್ಟಿ ಮಾಡಿ ಮಾರುವುದು. ಎರಡು ಹೆರಿಗೆ ಆಗಿವೆ. ಎರಡೂ ಕೆನ್ನೆಗೆ ಕಪ್ಪು ಹಬ್ಬಿದೆ, ಮುಖ ಸದಾ ಉರಿಯುತ್ತದೆ, ಬಿಸಿಲಿಗೆ ಹೊರಟರೆ ಕೆಂಪೇರುತ್ತದೆ ಎಂಬುದು ಬಂದ ದೂರು.

ಆಕೆಯ ಮಾತಿನಲ್ಲೇ ಹೇಳುವುದಾದರೆ: “ಬಂಗ ಬಂದೈತ್ರಿ ಅಂತ ಮೆಡಿಕಲ್‌ನ್ಯಾಗ ಕೇಳಿ ಕ್ರೀಮ್ ತಂದ್ನಿರಿ. ಹದಿನೈದ ದಿನದಾಗ ಮಾರಿ ಬೆಳ್ಳಗಾತ್ರಿ. ಈಗ ಒಂದಿನ ಹಚ್ಚೂದು ಬಿಟ್ರ ಸಾಕು, ಉರಿ ತಡ್ಕೊಳ್ಳಾಕ ಆಗೂದಿಲ್ರಿ.”

ಕುತ್ತಿಗೆಯ ಹಿಂಭಾಗದ ಕಪ್ಪನ್ನು ಆಕೆ ಹೇಳಲೇ ಇಲ್ಲ. ಸೆರಗು ಸರಿಸಿ ನೋಡಿದಾಗ ಕಂಡದ್ದು ಅದು. “ಅದು ಮೈಲಿಗಿರಿ, ಎಷ್ಟ್ ತಿಕ್ಕಿದ್ರೂ ಹೋಗವಲ್ದು” ಎಂದರು. ತೆಂಗಿನ ನಾರು ಹಾಕಿ ದಿನಾ ತಿಕ್ಕುತ್ತಿದ್ದರು.

ಇದು ಒಬ್ಬ ನಿರ್ದಿಷ್ಟ ವ್ಯಕ್ತಿಯ ಕಡತ ಅಲ್ಲ. ಇಂಥ ರೋಗಿಗಳಲ್ಲಿ ಮತ್ತೆ ಮತ್ತೆ ಕಾಣುವ ಚಿತ್ರವನ್ನು ಒಂದೇ ಪ್ರಕರಣವಾಗಿ ಹೆಣೆದು ಬರೆದಿದೆ. ಅಳತೆ, ಪ್ರಮಾಣ, ಚಿಕಿತ್ಸೆಯ ಕ್ರಮ ಎಲ್ಲವೂ ರೂಢಿಯಲ್ಲಿರುವಂಥವೇ. ಇದನ್ನು ವಿಸ್ತಾರವಾಗಿ ಬರೆಯಲು ಕಾರಣವಿದೆ. ನೋಡುವವರಿಗೆ ‘ಕಪ್ಪು’ ಎಂದು ಒಂದೇ ಆಗಿ ಕಂಡರೂ ಈ ಮುಖ ಮತ್ತು ಕುತ್ತಿಗೆಯಲ್ಲಿ ಮೂರು ಬೇರೆ ಬೇರೆ ತೊಂದರೆಗಳಿದ್ದವು. ಒಂದಕ್ಕೆ ಕೊಡುವ ಮದ್ದು ಇನ್ನೊಂದನ್ನು ಕೆಡಿಸುವಂತಿತ್ತು. ಯಾವುದು ಯಾವುದೆಂದು ಬಿಡಿಸಿ ನೋಡದೆ ಹಚ್ಚಿದ್ದೇ ಹದಿನಾಲ್ಕು ತಿಂಗಳ ಈ ಪಾಡಿಗೆ ಮೂಲ.

ಬೆಳಕಿನಲ್ಲಿ ಕಂಡದ್ದು

ಪೌಡರ್, ಕುಂಕುಮ ಒರೆಸಿ, ಕಿಟಕಿಯ ಪಕ್ಕ ಹಗಲು ಬೆಳಕಿನಲ್ಲಿ ಕೂರಿಸಿ ನೋಡಬೇಕು. ಟ್ಯೂಬ್‌ಲೈಟಿನ ಕೆಳಗೆ ಕಲೆಯ ಅಂಚು ಸರಿಯಾಗಿ ತಿಳಿಯುವುದಿಲ್ಲ. ಎದುರಿನಿಂದ, ಎಡದಿಂದ, ಬಲದಿಂದ ಮೂರು ಫೋಟೋ ತೆಗೆದಿಟ್ಟುಕೊಂಡರೆ ಮುಂದಿನ ಭೇಟಿಯಲ್ಲಿ ಅದೇ ಜಾಗ, ಅದೇ ಹೊತ್ತಿನ ಫೋಟೋ ಜೊತೆ ಹೋಲಿಸಬಹುದು. ದಿನಾ ಕನ್ನಡಿ ನೋಡುವವರಿಗೆ ನಿಧಾನದ ಬದಲಾವಣೆ ಗೊತ್ತಾಗುವುದೇ ಇಲ್ಲ. ಫೋಟೋ ಇಲ್ಲದಿದ್ದರೆ ಎರಡನೇ ತಿಂಗಳಿಗೇ “ಏನೂ ಆಗಿಲ್ಲ” ಎಂದು ಚಿಕಿತ್ಸೆ ಬಿಟ್ಟುಬಿಡುತ್ತಾರೆ.

ಎರಡೂ ಕೆನ್ನೆಯ ಮೂಳೆಯ ಮೇಲೆ, ಹಣೆಯ ಮಧ್ಯೆ ಸ್ವಲ್ಪ, ಕಂದು ಬಣ್ಣದ ಮಚ್ಚೆ. ಅಂಚು ಹರಿದ ನಕ್ಷೆಯಂತೆ ಓರೆಕೋರೆ. ಮುಟ್ಟಿದರೆ ನುಣುಪು, ಉಬ್ಬಿಲ್ಲ, ತುರಿಕೆ ಇಲ್ಲ. ಇದು ಬಂಗು, ವೈದ್ಯರು ಮೆಲಾಸ್ಮಾ ಎನ್ನುವುದು. ಎರಡನೇ ಬಸಿರಿನಲ್ಲಿ, 29ನೇ ವಯಸ್ಸಿಗೆ ಶುರುವಾಗಿ, ಹೆರಿಗೆಯಾದ ಮೇಲೆ ಅರ್ಧದಷ್ಟು ಇಳಿದು, ಕಳೆದ ಎರಡು ವರ್ಷದಲ್ಲಿ ಮತ್ತೆ ಹಬ್ಬಿತ್ತು. ಆ ಎರಡು ವರ್ಷದಲ್ಲೇ ಆಕೆ ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಗುಳಿಗೆ ಶುರು ಮಾಡಿದ್ದರು. ಕೇಳದೇ ಹೋಗಿದ್ದರೆ ಈ ಮಾತು ಹೊರಗೆ ಬರುತ್ತಿರಲಿಲ್ಲ. ಗುಳಿಗೆಗೂ ಮುಖಕ್ಕೂ ಸಂಬಂಧ ಇದೆಯೆಂದು ಯಾರೂ ಆಕೆಗೆ ಹೇಳಿರಲಿಲ್ಲ.

ಅದೇ ಕೆನ್ನೆಯ ಮೇಲೆ, ಬಂಗಿನ ಒಳಗೂ ಹೊರಗೂ, ದಾರದೆಳೆಯಂಥ ಕೆಂಪು ರಕ್ತನಾಳಗಳು. ಕಿವಿಯ ಮುಂದೆ ಮತ್ತು ದವಡೆಯಂಚಿಗೆ ಹೊಸದಾಗಿ ಬೆಳೆದ ನವಿರು ಕೂದಲು. ಗಲ್ಲದ ಸುತ್ತ ಒಂದೇ ಗಾತ್ರದ ಸಣ್ಣ ಮೊಡವೆಗಳು. ಎರಡು ಬೆರಳಿನಲ್ಲಿ ಚರ್ಮ ಹಿಡಿದರೆ ತೆಳು ಕಾಗದದಂತೆ ನೆರಿಗೆ ಬೀಳುತ್ತಿತ್ತು. ಇದು ಸ್ಟೆರಾಯ್ಡ್ ಕ್ರೀಮಿನಿಂದ ಕೆಟ್ಟ ಮುಖ.

ಕುತ್ತಿಗೆಯ ಹಿಂಭಾಗ ಮತ್ತು ಕಂಕುಳಲ್ಲಿ ಚರ್ಮ ಬರೀ ಕಪ್ಪಲ್ಲ, ದಪ್ಪ. ಬೆರಳಾಡಿಸಿದರೆ ಮಖಮಲ್ಲಿನ ಹಾಗೆ ಒರಟು ಮೆತ್ತಗೆ, ಗೆರೆಗಳು ಆಳವಾಗಿವೆ, ಅಲ್ಲಲ್ಲಿ ಸಣ್ಣ ತೊಗಲಿನ ಗಂಟುಗಳು ಜೋತಿವೆ. ಇದು ಅಕ್ಯಾಂಥೋಸಿಸ್ ನೈಗ್ರಿಕಾನ್ಸ್. ಮೈಲಿಗೆ ಅಲ್ಲ, ಕೊಳೆ ಅಲ್ಲ. ರಕ್ತದಲ್ಲಿ ಇನ್ಸುಲಿನ್ ಹೆಚ್ಚಾಗಿ ತಿರುಗುತ್ತಿದೆ ಎಂದು ದೇಹ ಚರ್ಮದ ಮೇಲೆ ತೋರಿಸುವ ಗುರುತು.

ಬಂಗನ್ನು ಅಂಕಿಯಲ್ಲಿ ಬರೆದಿಡಲು ಮಾರ್ಪಡಿಸಿದ ಮಾಸಿ ಅಂಕ ಬಳಸುತ್ತಾರೆ. ಮುಖವನ್ನು ಹಣೆ, ಬಲಗೆನ್ನೆ, ಎಡಗೆನ್ನೆ, ಗದ್ದ ಎಂದು ನಾಲ್ಕು ಭಾಗ ಮಾಡಿ, ಪ್ರತಿ ಭಾಗದಲ್ಲಿ ಎಷ್ಟು ಜಾಗ ಕಪ್ಪಾಗಿದೆ ಎಂಬುದಕ್ಕೆ 0ರಿಂದ 6, ಎಷ್ಟು ಗಾಢ ಎಂಬುದಕ್ಕೆ 0ರಿಂದ 4 ಅಂಕ. ಎರಡನ್ನೂ ಗುಣಿಸಿ, ಹಣೆ ಮತ್ತು ಕೆನ್ನೆಗಳಿಗೆ 0.3ರಿಂದ, ಗದ್ದಕ್ಕೆ 0.1ರಿಂದ ಮತ್ತೆ ಗುಣಿಸಿ ಕೂಡಿಸುವುದು. ಪೂರ್ತಿ ಅಂಕ 24. ಈಕೆಗೆ ಹಣೆ 1 ಮತ್ತು 2, ಬಲಗೆನ್ನೆ 3 ಮತ್ತು 3, ಎಡಗೆನ್ನೆ 4 ಮತ್ತು 3, ಗದ್ದ ಶೂನ್ಯ. ಅಂದರೆ 0.6, 2.7, 3.6, ಒಟ್ಟು 6.9.

ಎಡಗೆನ್ನೆ ಏಕೆ ಹೆಚ್ಚು ಎಂಬ ಪ್ರಶ್ನೆಗೆ ಉತ್ತರ ಆಕೆ ಕೂರುವ ಜಾಗದಲ್ಲಿ ಸಿಕ್ಕಿತು. ಅದು ಮುಂದೆ ಬರುತ್ತದೆ.

ನೇರಳಾತೀತ ಬೆಳಕು ಬೀರುವ ವುಡ್ಸ್ ದೀಪದಲ್ಲಿ ಕಲೆಯ ಸ್ವಲ್ಪ ಭಾಗ ಎದ್ದು ಕಂಡಿತು, ಸ್ವಲ್ಪ ಕಾಣಲಿಲ್ಲ: ಬಣ್ಣ ಮೇಲ್ಪದರದಲ್ಲೂ ಕೆಳಪದರದಲ್ಲೂ ಇದೆ ಎಂದರ್ಥ. ನಮ್ಮ ಕಂದು ಚರ್ಮದಲ್ಲಿ ಈ ದೀಪದ ಮಾತನ್ನು ಪೂರ್ತಿ ನಂಬಬಾರದು. ಚರ್ಮದ ದುರ್ಬೀನು, ಅಂದರೆ ಡರ್ಮೋಸ್ಕೋಪ್ ಇಟ್ಟು ನೋಡಿದ್ದು ಹೆಚ್ಚು ಉಪಯೋಗಕ್ಕೆ ಬಂತು. ಕಂದು ಜಾಲರಿ ಇತ್ತು, ಕೂದಲ ರಂಧ್ರಗಳ ಸುತ್ತ ಮಾತ್ರ ಬಣ್ಣ ಇರಲಿಲ್ಲ. ಅದು ಬಂಗಿನ ಲಕ್ಷಣ. ರಂಧ್ರಗಳನ್ನೂ ಮುಚ್ಚಿದ ನೀಲಿಗಪ್ಪು ಚುಕ್ಕೆಗಳು ಕಂಡಿದ್ದರೆ ಆಕ್ರೊನೋಸಿಸ್ ಎಂದು ಅನುಮಾನಿಸಬೇಕಿತ್ತು. ಕಲೆ ತಿಳಿಗೊಳಿಸುವ ಹೈಡ್ರೋಕ್ವಿನೋನನ್ನು ವರ್ಷಗಟ್ಟಲೆ ಹಚ್ಚಿದವರಲ್ಲಿ ಬರುವ ಈ ಕಪ್ಪು ಹೋಗುವುದು ಬಹಳ ಕಷ್ಟ. ಈಕೆಯ ಅದೃಷ್ಟಕ್ಕೆ ಅದು ಇರಲಿಲ್ಲ.

ಮುಖ ಕಪ್ಪಾಗುವ ಉಳಿದ ಕಾರಣಗಳನ್ನೂ ಕೇಳಿ ತಳ್ಳಿಹಾಕಬೇಕಾಯಿತು. ಮೂಗಿನ ತುದಿ ಮಾತ್ರ ಕಪ್ಪಾಗಿದ್ದರೆ ಹಿಂದಿನ ತಿಂಗಳುಗಳಲ್ಲಿ ಕೀಲುನೋವಿನ ಜ್ವರ ಬಂದಿತ್ತೇ ಎಂದು ಕೇಳುತ್ತೇವೆ. ಚಿಕೂನ್‌ಗುನ್ಯಾ ಬಂದುಹೋದ ಮೇಲೆ ಮೂಗಿನ ಮೇಲೆ ಹಾಗೆ ಕಪ್ಪು ಕೂರುತ್ತದೆ. ಹಣೆಯಂಚು, ಕಿವಿಯ ಹಿಂದೆ, ಕುತ್ತಿಗೆಯ ಪಕ್ಕ ಬೂದಿ ಬಣ್ಣ ಹರಡಿದ್ದರೆ ತಲೆಗೆ ಹಚ್ಚುವ ಕಪ್ಪು ಬಣ್ಣದ ಮೇಲೆ ಅನುಮಾನ. ಕುಂಕುಮ, ಬಿಂದಿ ಇಡುವ ಜಾಗಕ್ಕಷ್ಟೇ ಕಪ್ಪು ಇದ್ದರೆ ಅವುಗಳ ಮೇಲೆ. ಬಾಯೊಳಗೆ, ಅಂಗೈ ಗೆರೆಯಲ್ಲಿ ಕಪ್ಪಾಗಿ, ಜೊತೆಗೆ ಸುಸ್ತು, ತೂಕ ಇಳಿತ ಇದ್ದರೆ ಅಡ್ರಿನಲ್ ಗ್ರಂಥಿ ಪರೀಕ್ಷೆ ಆಗಲೇಬೇಕು. ಬೆರಳ ಗೆಣ್ಣು ಕಪ್ಪಾಗಿದ್ದರಿಂದ ರಕ್ತದಲ್ಲಿ ವಿಟಮಿನ್ ಬಿ12 ನೋಡಲಾಯಿತು, ಸರಿಯಾಗಿತ್ತು.

ಟ್ಯೂಬಿನ ಲೆಕ್ಕ

ಆಕೆ ಚೀಲದಿಂದ ತೆಗೆದು ತೋರಿಸಿದ ಟ್ಯೂಬಿನ ಮೇಲೆ ಮೂರು ಹೆಸರಿದ್ದವು: ಹೈಡ್ರೋಕ್ವಿನೋನ್ 2%, ಟ್ರೆಟಿನಾಯಿನ್ 0.025%, ಮೊಮೆಟಾಸೋನ್ 0.1%. ಮೂರನೆಯದು ಸ್ಟೆರಾಯ್ಡ್. ಹೀಗೆ ಮೂರು ಮದ್ದು ಬೆರೆಸುವ ಪದ್ಧತಿ 1975ರಲ್ಲಿ ಅಮೆರಿಕದ ಚರ್ಮತಜ್ಞ ಕ್ಲಿಗ್ಮನ್ ಮತ್ತು ವಿಲ್ಲಿಸ್ ಅವರಿಂದ ಬಂದದ್ದು. ವೈದ್ಯರ ಕಣ್ಣಳತೆಯಲ್ಲಿ, ಕೆಲವೇ ವಾರ, ಸೌಮ್ಯ ಸ್ಟೆರಾಯ್ಡ್ ಇಟ್ಟುಕೊಂಡು ಬಳಸಿದರೆ ಒಳ್ಳೆಯ ಮದ್ದೇ. ಮೊಮೆಟಾಸೋನ್ ಮುಖದ ತೆಳು ಚರ್ಮಕ್ಕೆ ಸೌಮ್ಯ ಅಲ್ಲ.

ರಾತ್ರಿಗೊಮ್ಮೆ, ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದ. ಅದು ಸುಮಾರು ಅರ್ಧ ಗ್ರಾಂ. 15 ಗ್ರಾಂ ಟ್ಯೂಬ್ ಒಂದು ತಿಂಗಳು. ಹದಿನಾಲ್ಕು ತಿಂಗಳಿಗೆ 210 ಗ್ರಾಂ, ಅದೂ ಮುಖವೊಂದಕ್ಕೇ.

ಮೊದಲ ಎರಡು ವಾರ ಬೆಳ್ಳಗಾದದ್ದು ಸುಳ್ಳಲ್ಲ. ಸ್ಟೆರಾಯ್ಡ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಉರಿಯೂತ ಅಡಗಿಸುತ್ತದೆ, ಬಣ್ಣ ತಯಾರಿಸುವ ಕೋಶಗಳ ಕೆಲಸವನ್ನೂ ತಗ್ಗಿಸುತ್ತದೆ. ಆ ಬಿಳುಪು ನೋಡಿಯೇ ಜನ ನಂಬುವುದು. ತಿಂಗಳು ಕಳೆದಂತೆ ಚರ್ಮ ತೆಳುವಾಗಿ ಬಿಸಿಲು ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಕುಗ್ಗಿ ಕುಗ್ಗಿ ಬಳಲಿದ ನಾಳಗಳು ಮದ್ದು ನಿಂತ ಕೂಡಲೇ ಒಟ್ಟಿಗೆ ಹಿಗ್ಗುತ್ತವೆ: ಕೆಂಪು, ಉರಿ, ಕೀವಿನ ಗುಳ್ಳೆ. ಅದನ್ನು ತಾಳಲಾರದೆ ಮತ್ತೆ ಅದೇ ಟ್ಯೂಬ್. ಚಟ ಅಂಟುವುದು ಹೀಗೆ, ಮತ್ತು ಇದರಲ್ಲಿ ಆಕೆಯ ತಪ್ಪು ಎಳ್ಳಷ್ಟೂ ಇಲ್ಲ.

2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೆರಾಯ್ಡ್‌ಗಳನ್ನು ಶೆಡ್ಯೂಲ್ ಎಚ್ ಅಡಿ ತಂದಿತು. ವೈದ್ಯರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಆದರೂ ಟ್ಯೂಬ್ ಕೈಗೆ ಬಂದರೆ ಸಣ್ಣಕ್ಷರ ಓದಿಸಿಕೊಳ್ಳಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಫ್ಲೂಸಿನೊಲೋನ್ ಎಂದಿದ್ದರೆ ಸ್ಟೆರಾಯ್ಡ್ ಇದೆ. ಏನೇನು ಬೆರೆತಿದೆ ಎಂದೇ ಬರೆಯದ ಬೆಳ್ಳಗಾಗುವ ಕ್ರೀಮ್ ಡಬ್ಬಿಗಳು ಇದಕ್ಕಿಂತ ಭಯ. ಅಂಥ ಕೆಲವುದರಲ್ಲಿ ಪಾದರಸ ಇರುತ್ತದೆ, ಅದು ಮೂತ್ರಪಿಂಡಕ್ಕೆ ಹೊಡೆತ.

ಮೊದಲ ಎಂಟು ವಾರ ಬಂಗನ್ನು ಮುಟ್ಟಲಿಲ್ಲ

ಕೇಳಲು ವಿಚಿತ್ರ ಎನಿಸಿದರೂ ಈ ಪ್ರಕರಣದ ಮುಖ್ಯ ತೀರ್ಮಾನ ಇದೇ. ಉರಿಯುತ್ತಿರುವ ಚರ್ಮದ ಮೇಲೆ ಕಲೆ ತೆಗೆಯುವ ಯಾವ ಮದ್ದು ಹಚ್ಚಿದರೂ ಮತ್ತಷ್ಟು ಕೆರಳಿ, ಆ ಕೆರಳಿಕೆಯಿಂದಲೇ ಹೊಸ ಕಪ್ಪು ಬರುತ್ತದೆ. ಮೊದಲು ಚರ್ಮ ತಣ್ಣಗಾಗಬೇಕು.

ಮೊಮೆಟಾಸೋನ್ ಟ್ಯೂಬ್ ಆ ದಿನವೇ ಬಂದ್. ಬದಲಿಗೆ ಸೌಮ್ಯ ಸ್ಟೆರಾಯ್ಡ್ ಆದ ಹೈಡ್ರೋಕಾರ್ಟಿಸೋನ್ 1%, ಮೊದಲ ವಾರ ದಿನಕ್ಕೊಮ್ಮೆ, ನಂತರ ಎರಡು ವಾರ ದಿನ ಬಿಟ್ಟು ದಿನ, ಆಮೇಲೆ ಪೂರ್ತಿ ನಿಲುಗಡೆ. ಎರಡನೇ ವಾರದಿಂದ ರಾತ್ರಿ ಸ್ಟೆರಾಯ್ಡ್ ಅಲ್ಲದೆ ಉರಿಯೂತ ತಗ್ಗಿಸುವ ಟ್ಯಾಕ್ರೋಲಿಮಸ್ 0.03% ಮುಲಾಮು, ಇದು ಮೊದಲ ಕೆಲ ದಿನ ತಾನೇ ಉರಿಸುತ್ತದೆ, ಹೇಳಿ ಕೊಡದಿದ್ದರೆ ಹೆದರಿ ಬಿಡುತ್ತಾರೆ. ಗುಳ್ಳೆಗಳಿಗೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೊಂದು, ಆರು ವಾರ. ಊಟವಾದ ಮೇಲೆ, ತುಂಬಿದ ಲೋಟ ನೀರಿನ ಜೊತೆ, ನುಂಗಿದ ತಕ್ಷಣ ಮಲಗಬಾರದು. ಬಸಿರಿದ್ದರೆ ಈ ಗುಳಿಗೆ ಸಲ್ಲದು. ವಾಸನೆ ಇಲ್ಲದ ಮಾಯಿಶ್ಚರೈಸರ್ ದಿನಕ್ಕೆ ಮೂರು ಸಲ. ಸೋಪು, ಕಡ್ಲಿಹಿಟ್ಟು, ನಿಂಬೆಹುಳಿ, ಆವಿ ಎಲ್ಲವೂ ಬಂದ್. ನಿಂಬೆರಸ ಚರ್ಮ ಸುಡುವಷ್ಟು ಹುಳಿ, ಅದರ ಮೇಲೆ ಬಿಸಿಲು ಬಿದ್ದರೆ ಕಪ್ಪು ಹೆಚ್ಚುತ್ತದೆ.

ಐದನೇ ದಿನಕ್ಕೆ ಮುಖ ಕೆಂಪಾಗಿ ಊದಿತು, ಎರಡನೇ ವಾರ ಗುಳ್ಳೆ ಎದ್ದವು. ಇದು ಬರುತ್ತದೆಂದು ಮೊದಲೇ ಹೇಳಿದ್ದರಿಂದ ಆಕೆ ತಾಳಿಕೊಂಡರು. ತಣ್ಣೀರಲ್ಲಿ ಹಿಂಡಿದ ಹತ್ತಿ ಬಟ್ಟೆ ಹತ್ತು ನಿಮಿಷ ಹಾಕಿಕೊಳ್ಳುವುದು ಎಲ್ಲಕ್ಕಿಂತ ಹಿತ ಕೊಟ್ಟಿತು. ನಾಲ್ಕನೇ ವಾರ ತವರಿನಲ್ಲಿ ಮದುವೆ. ಹಿಂದಿನ ಎರಡು ರಾತ್ರಿ ಹಳೆಯ ಟ್ಯೂಬ್ ಹಚ್ಚಿದರು, ಮದುವೆಯ ದಿನ ಮುಖ ಚೆನ್ನಾಗಿಯೇ ಕಂಡಿತು, ನಾಲ್ಕು ದಿನ ಕಳೆದು ಉರಿ ಮರುಕಳಿಸಿತು. ಬೈಯುವುದರಿಂದ ಏನೂ ಪ್ರಯೋಜನವಿಲ್ಲ. “ಅಕ್ಕಾರ, ಆ ಟ್ಯೂಬ್ ಮನ್ಯಾಗ ಇಟ್ಕೋಬ್ಯಾಡ್ರಿ, ಇಲ್ಲೇ ಕೊಟ್ಟು ಹೋಗ್ರಿ” ಎಂದು ಕೇಳಿ ಇಸಿದುಕೊಳ್ಳಲಾಯಿತು. ಮುಂದೆ ಅದು ಆಗಲಿಲ್ಲ. ಎಂಟನೇ ವಾರಕ್ಕೆ ಉರಿ ನಿಂತಿತು, ಮೊಡವೆ ಇಳಿದವು. ಬಂಗು ಮಾತ್ರ ಮೊದಲಿಗಿಂತ ಎದ್ದು ಕಂಡಿತು, ಕೆಂಪು ಇಳಿದ ಮೇಲೆ ಕಂದು ಕಾಣಲೇಬೇಕು.

ಬಾಗಿಲು, ಹಂಚು, ಬಿಸಿಲು

ಬಂಗಿನಲ್ಲಿ ಬಣ್ಣದ ಕೋಶಗಳು ಸಂಖ್ಯೆಯಲ್ಲಿ ಹೆಚ್ಚುವುದಕ್ಕಿಂತ ಕೆರಳಿ ಹೆಚ್ಚು ಕೆಲಸ ಮಾಡುತ್ತವೆ. ಕೆರಳಿಸುವುದು ನೇರಳಾತೀತ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೌದು, ಅದರಲ್ಲೂ ನೀಲಿ ಭಾಗ, ಕಾವೂ ಹೌದು. ಮೊಬೈಲಿನ ಬೆಳಕಿಗೆ ಹೆದರಬೇಕಿಲ್ಲ, ಸೂರ್ಯನ ಮುಂದೆ ಅದು ಲೆಕ್ಕಕ್ಕಿಲ್ಲ.

ಆಕೆ ಬೆಳಗಿನ ಏಳರಿಂದ ಮಧ್ಯಾಹ್ನ ಒಂದರ ತನಕ ಒಲೆ ಮುಂದೆ. ರೊಟ್ಟಿ ತಟ್ಟಿ ಹಂಚಿಗೆ ಹಾಕಿ, ನೀರು ಸವರಿ, ತಿರುವಿ, ಖಡಕ್ ಆಗುವ ತನಕ ಬಟ್ಟೆಯಿಂದ ಒತ್ತಿ ಒತ್ತಿ ತಿರುಗಿಸಬೇಕು. ಒತ್ತುವಾಗ ಮುಖ ಹಂಚಿನಿಂದ ಒಂದೂವರೆ ಅಡಿಗಿಂತ ದೂರ ಇರುವುದಿಲ್ಲ. ಎಡಗಡೆ ಪೂರ್ವದ ಬಾಗಿಲು. ಎಂಟರಿಂದ ಹತ್ತರ ತನಕ ಬಿಸಿಲು ನೇರ ಎಡಗೆನ್ನೆಗೆ. ಬೆವರು ಬಂದಾಗ ಸೆರಗಿನಿಂದ ಗಟ್ಟಿಯಾಗಿ ಒರೆಸಿಕೊಳ್ಳುವುದು ಬೇರೆ; ತಿಕ್ಕಾಟವೂ ಕಪ್ಪಿಗೆ ದಾರಿ.

ಕಸುಬು ಬಿಡಿ ಎನ್ನುವ ಸಲಹೆ ಸಲಹೆಯೇ ಅಲ್ಲ. ಬದಲಾಯಿಸಿದ್ದು ಇಷ್ಟು: ಒಲೆಯನ್ನು ಬಾಗಿಲಿನ ಎದುರು ಗೋಡೆಗೆ ಸರಿಸಿ, ಬಾಗಿಲಿಗೆ ದಪ್ಪ ಬಟ್ಟೆಯ ಪರದೆ. ಒತ್ತುವುದಕ್ಕೆ ಕೈಯಳತೆಯ ಕಟ್ಟಿಗೆ ಹಿಡಿಕೆ ಇರುವ ಒತ್ತುಗ, ಆದ್ದರಿಂದ ಬಾಗುವುದು ಕಡಿಮೆ. ಇಪ್ಪತ್ತು ರೊಟ್ಟಿಗೊಮ್ಮೆ ಎದ್ದು ಮುಖಕ್ಕೆ ತಣ್ಣೀರ ಬಟ್ಟೆ. ಬೆವರನ್ನು ಒರೆಸದೆ ಒತ್ತಿ ತೆಗೆಯುವುದು.

ಸನ್‌ಸ್ಕ್ರೀನ್ ಎಸ್‌ಪಿಎಫ್ 50, ಪಿಎ (ನೇರಳಾತೀತ-ಎ ತಡೆಯುವ ಮಟ್ಟ) ಮೂರು ಪ್ಲಸ್ ಅಥವಾ ಹೆಚ್ಚು, ಐರನ್ ಆಕ್ಸೈಡ್ ಇರುವ ಬಣ್ಣದ್ದು. ಈ ಐರನ್ ಆಕ್ಸೈಡ್ ಇಲ್ಲದಿದ್ದರೆ ಕಣ್ಣಿಗೆ ಕಾಣುವ ಬೆಳಕು ತಡೆಯುವುದಿಲ್ಲ, ಬಂಗಿಗೆ ಅರ್ಧ ಕೆಲಸವಷ್ಟೇ ಆದಂತೆ. ಮೊದಲ ವಾರಗಳಲ್ಲಿ ಚರ್ಮ ಉರಿಯುವಾಗ ಜಿಂಕ್ ಆಕ್ಸೈಡ್ ಆಧಾರದ್ದೇ ತಾಳುತ್ತದೆ. ತೋರುಬೆರಳು ಮತ್ತು ನಡುಬೆರಳಿನ ಪೂರ್ತಿ ಉದ್ದಕ್ಕೆ ಎರಡು ಗೆರೆ ಹಿಂಡಿದಷ್ಟು ಮುಖ-ಕುತ್ತಿಗೆಗೆ ಬೇಕು, ಸುಮಾರು ಒಂದು ಗ್ರಾಂ. ಏಳಕ್ಕೆ ಇಪ್ಪತ್ತು ನಿಮಿಷ ಮೊದಲು ಒಮ್ಮೆ, ಹತ್ತೂವರೆಗೆ ಮುಖ ಒತ್ತಿ ಒಣಗಿಸಿ ಮತ್ತೊಮ್ಮೆ. ಈ ಲೆಕ್ಕದಲ್ಲಿ 50 ಗ್ರಾಂ ಟ್ಯೂಬ್ 25 ದಿನಕ್ಕೆ ಮುಗಿಯಬೇಕು. ಆಕೆಯ ಮೊದಲ ಟ್ಯೂಬ್ ಎರಡು ತಿಂಗಳಾದರೂ ಮುಗಿದಿರಲಿಲ್ಲ. ಹಚ್ಚಿದ್ದು ಅರ್ಧಕ್ಕಿಂತ ಕಡಿಮೆ ಎಂದು ಟ್ಯೂಬೇ ಹೇಳಿತು. ಖರ್ಚಿನ ಚಿಂತೆ ನಿಜವಾದದ್ದು. ಎರಡನ್ನೂ ಸಾಗಿಸಲಾಗದಿದ್ದರೆ ಕಲೆ ತೆಗೆಯುವ ಕ್ರೀಮ್ ಬಿಟ್ಟು ಸನ್‌ಸ್ಕ್ರೀನ್ ಉಳಿಸಿಕೊಳ್ಳಿ ಎನ್ನುವುದು ನಮ್ಮ ಮಾತು. ಸಂತೆಗೆ ಹೋಗುವಾಗ ಕೊಡೆ. ಗಾಡಿಯ ಕಿಟಕಿ ಗಾಜು ಮುಚ್ಚಿದ್ದರೂ ನೇರಳಾತೀತ-ಎ ಒಳಬರುತ್ತದೆ.

ಕುತ್ತಿಗೆಗೆ ಕ್ರೀಮಿಲ್ಲ

ಎತ್ತರ 154 ಸೆಂ.ಮೀ., ತೂಕ 71 ಕೆ.ಜಿ., ಸೊಂಟದ ಸುತ್ತಳತೆ 96 ಸೆಂ.ಮೀ.; ನಮ್ಮ ಹೆಣ್ಣುಮಕ್ಕಳಿಗೆ 80 ದಾಟಿದರೆ ಎಚ್ಚರ ಬೇಕು. ಬರಿಹೊಟ್ಟೆ ಸಕ್ಕರೆ 112, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1%. ಎಚ್‌ಬಿಎ1ಸಿ 5.7ರಿಂದ 6.4ರ ತನಕ ಇದ್ದರೆ ಮಧುಮೇಹದ ಹೊಸ್ತಿಲು, 6.5 ಆದರೆ ಒಳಗೆ. ಯಾವ ದೂರೂ ಇಲ್ಲದ ಆಕೆಗೆ ಇದನ್ನು ತಿಳಿಸಿದ್ದು ಕುತ್ತಿಗೆ.

ತಿಕ್ಕುವುದು ನಿಂತಿತು. ತಿಕ್ಕಿದಷ್ಟೂ ದಪ್ಪವಾಗುತ್ತಿತ್ತು. ಮೆತ್ತಗಾಗಲೆಂದು ರಾತ್ರಿ ಯೂರಿಯಾ 10% ಕ್ರೀಮ್, ಅಷ್ಟೇ. ನಿಜವಾದ ಚಿಕಿತ್ಸೆ ತಟ್ಟೆಯಲ್ಲಿ. ದಿನಕ್ಕೆ ಐದು ಚಹಾ, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ. ಚಹಾದಲ್ಲೇ ಹೆಚ್ಚುಕಡಿಮೆ 50 ಗ್ರಾಂ. ಅದು ಎರಡು ಸಪ್ಪೆ ಚಹಾಕ್ಕೆ ಇಳಿಯಿತು. ಜೋಳದ ರೊಟ್ಟಿಯನ್ನು ಬಿಡಿಸಲಿಲ್ಲ, ಬಿಡಿಸಲೂಬಾರದು; ಊಟಕ್ಕೆ ನಾಲ್ಕು ಇದ್ದದ್ದು ಎರಡಾಗಿ, ಬೇಳೆ, ಮಡಕೆ ಕಾಳು, ಮೆಂತ್ಯಪಲ್ಲೆ, ಹಸಿ ಸೌತೆಕಾಯಿ ಹೆಚ್ಚಿದವು. ಸಂಜೆ ಅರ್ಧ ಗಂಟೆ ನಡಿಗೆ, ವಾರಕ್ಕೆ ಐದು ದಿನ. ಆರು ತಿಂಗಳಿಗೆ ತೂಕ 66.5, ಎಚ್‌ಬಿಎ1ಸಿ 5.8. ಕುತ್ತಿಗೆ ಮೊದಲು ಮೆತ್ತಗಾಯಿತು, ಬಣ್ಣ ತಿಳಿಯಾದದ್ದು ಆಮೇಲೆ ಮತ್ತು ಸ್ವಲ್ಪವೇ.

ಬಂಗಿನ ಸರದಿ

ಒಂಬತ್ತನೇ ವಾರದಿಂದ ಕಲೆ ತಿಳಿಗೊಳಿಸುವ ಅಜೆಲಾಯಿಕ್ ಆಸಿಡ್ ಕ್ರೀಮ್. ಮೊದಲ ಎರಡು ವಾರ 10%, ದಿನ ಬಿಟ್ಟು ದಿನ ರಾತ್ರಿ, ಬಟಾಣಿ ಕಾಳಿನಷ್ಟು. ತಾಳಿದ ಮೇಲೆ 20%, ದಿನಾ ರಾತ್ರಿ, ಕೊನೆಗೆ ಎರಡು ಹೊತ್ತು. ಹಚ್ಚಿದ ಮೇಲೆ ಹತ್ತು ಹದಿನೈದು ನಿಮಿಷ ಚುರುಚುರು ಸಹಜ, ಗಂಟೆಗಟ್ಟಲೆ ಉರಿದರೆ ಹಿಂದಿನ ಹಂತಕ್ಕೆ. ಹೈಡ್ರೋಕ್ವಿನೋನ್ ಮತ್ತೆ ಕೊಡಲಿಲ್ಲ. ಹದಿನಾಲ್ಕು ತಿಂಗಳು ಆಗಲೇ ಆಗಿಹೋಗಿತ್ತು. ಗರ್ಭನಿರೋಧಕ ಗುಳಿಗೆ ಬಿಟ್ಟು ಸ್ತ್ರೀರೋಗ ವೈದ್ಯರ ಬಳಿ ಕಾಪರ್-ಟಿ ಹಾಕಿಸಿಕೊಂಡರು. ಬದಲಿ ವ್ಯವಸ್ಥೆ ಆಗುವ ಮೊದಲೇ ಗುಳಿಗೆ ನಿಲ್ಲಿಸಬಾರದು.

ಟ್ರಾನೆಕ್ಸಾಮಿಕ್ ಆಸಿಡ್ ಗುಳಿಗೆ, 250 ಮಿ.ಗ್ರಾಂ ದಿನಕ್ಕೆರಡರಂತೆ ಎಂಟರಿಂದ ಹನ್ನೆರಡು ವಾರ, ಬಂಗಿಗೆ ಕೆಲಸ ಮಾಡುತ್ತದೆ. ಈ ಹೆಸರು ಈಗ ಬಾಯಿಂದ ಬಾಯಿಗೆ ಹಬ್ಬಿದೆ, ಆಕೆಯೂ ಕೇಳಿದರು. ಇದು ರಕ್ತ ಹೆಪ್ಪುಗಟ್ಟುವುದಕ್ಕೆ ನೆರವಾಗುವ ಮದ್ದು. ಈಸ್ಟ್ರೋಜೆನ್ ಗುಳಿಗೆಯ ಜೊತೆ ಕೊಡಲೇಬಾರದು. ಕಾಲಿನ ನಾಳದಲ್ಲಿ ಹೆಪ್ಪು, ಲಕ್ವ, ಹೃದಯಾಘಾತ ಆದವರಿಗೂ ಸಲ್ಲದು. ವಿಚಾರಿಸಿದಾಗ ಆಕೆಯ ತಾಯಿಗೆ ಕಾಲಲ್ಲಿ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿದ್ದು ತಿಳಿಯಿತು. ಕೊಡಲಿಲ್ಲ. ಲೇಸರ್ ಮತ್ತು ಗಾಢ ಪೀಲ್ (ರಾಸಾಯನಿಕ ಹಚ್ಚಿ ಚರ್ಮದ ಮೇಲ್ಪದರ ಸುಲಿಸುವುದು) ಕೂಡ ಬೇಡವೆಂದೇ ನಿರ್ಧಾರ: ಕಂದು ಚರ್ಮದಲ್ಲಿ, ಅದೂ ಸ್ಟೆರಾಯ್ಡಿನಿಂದ ತೆಳುವಾದ ಮೇಲೆ, ಸುಟ್ಟು ಹೊಸ ಕಪ್ಪು ಮೂಡುವ ಅಪಾಯವೇ ಹೆಚ್ಚು.

ಗುರಿ ಏನೆಂದೂ ಮೊದಲೇ ಮಾತಾಡಿಕೊಂಡದ್ದು ಒಳ್ಳೆಯದಾಯಿತು. ಮುಂಗೈ ಒಳಭಾಗದ, ಕಿವಿಯ ಹಿಂದಿನ ಬಣ್ಣ ಯಾವುದೋ ಅದೇ ಆಕೆಯ ಬಣ್ಣ. ಕೆನ್ನೆ ಅದಕ್ಕೆ ಹತ್ತಿರ ಬಂದರೆ ಚಿಕಿತ್ಸೆ ಗೆದ್ದಂತೆ. ಅದಕ್ಕಿಂತ ಬೆಳ್ಳಗಾಗುವ ಆಸೆಯೇ ಜನರನ್ನು ಮತ್ತೆ ಅದೇ ಟ್ಯೂಬಿನ ಕಡೆ ಎಳೆಯುತ್ತದೆ.

ಎಂಟನೇ ತಿಂಗಳ ಅಂಕ: ಹಣೆ 1 ಮತ್ತು 1, ಬಲಗೆನ್ನೆ 3 ಮತ್ತು 1, ಎಡಗೆನ್ನೆ 3 ಮತ್ತು 2. ಒಟ್ಟು 3.0. ಜಾಗ ಹೆಚ್ಚು ಕುಗ್ಗಲಿಲ್ಲ, ಗಾಢತೆ ಇಳಿಯಿತು; ಬಂಗು ಕರಗುವ ರೀತಿ ಅದು. ನವಿರು ಕೂದಲು ಉದುರಿವೆ. ಕೆಂಪು ನಾಳಗಳ ಎಳೆಗಳು ಕೆನ್ನೆಯ ಮೇಲೆ ಉಳಿದಿವೆ, ಪೂರ್ತಿ ಹೋಗಲಿಕ್ಕಿಲ್ಲ ಎಂದು ಆಕೆಗೆ ತಿಳಿಸಲಾಗಿದೆ.

ಮುಂದಿನದು ಬೇಸಿಗೆ. ವಿಜಯಪುರದ ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಬಂಗು ಮರಳುವುದೇ ಹೆಚ್ಚು. ಅಜೆಲಾಯಿಕ್ ವಾರಕ್ಕೆ ಮೂರು ರಾತ್ರಿ ಮುಂದುವರಿಯುತ್ತದೆ, ಮಾರ್ಚ್‌ನಿಂದ ಸನ್‌ಸ್ಕ್ರೀನ್ ದಿನಕ್ಕೆ ಮೂರು ಸಲ, ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ. ಕೊನೆಯ ಭೇಟಿಗೆ ಆಕೆ 19 ವರ್ಷದ ನಾದಿನಿಯನ್ನೂ ಕರೆತಂದಿದ್ದರು. ಮೊಡವೆಗೆಂದು ಆ ಹುಡುಗಿ ಅದೇ ಹೆಸರಿನ ಕ್ರೀಮ್ ಮೂರು ವಾರದಿಂದ ಹಚ್ಚುತ್ತಿದ್ದಳು. ಅಷ್ಟು ಕಡಿಮೆ ದಿನವಾದ್ದರಿಂದ ಹಂತ ಹಂತದ ಇಳಿಕೆ ಬೇಕಾಗಲಿಲ್ಲ. ಅಂದೇ ನಿಲ್ಲಿಸಿ ಮೊಡವೆಯ ಸರಿಯಾದ ಚಿಕಿತ್ಸೆ ಶುರುವಾಯಿತು.